ಎಡ ಹೆಗಲು

ಮನಾಮಾದ ಹಳೇ ಸೂಕಿನಲ್ಲಿ, ಏಲಕ್ಕಿ ಅಂಗಡಿಯ ಮಗ್ಗುಲಿಗೆ,
ಅಂಗಿ ಬಿಚ್ಚಿದರೆ ಗೋಡೆಗೆ ಮೊಣಕೈ ತಾಗುವಷ್ಟು ನನ್ನ ಅಂಗಡಿ.
ಎರಡು ಮಿಷನ್ನು, ಒಂದು ಕನ್ನಡಿ, ಕೂಲರಿನ ಕೆಮ್ಮು.
ಈದಿಗೆ ಇನ್ನು ಹನ್ನೊಂದು ದಿನ, ಉಸಿರಿಗೂ ಪುರುಸೊತ್ತಿಲ್ಲ,
ರಾತ್ರಿ ಹತ್ತಕ್ಕೆ ಬಂದಳು ಲುಲುವಾ ಬೀಬಿ,
ಮೊಮ್ಮಗಳ ಭುಜ ಹಿಡಿದು, ಮಂಡಿಯನ್ನು ಬೈಯುತ್ತ.
ಅಬಾಯದೊಳಗಿಂದ ತೆಗೆದದ್ದು ಅಳತೆಯ ಅಂಗಿಯಲ್ಲ, ಪಟವಲ್ಲ,
ಒಂದು ಹಾಡು.

ಗುನುಗಿದಳು. ಅರ್ಧ ಸಾಲಿಗೇ ದಮ್ಮು ಹತ್ತಿತು.
"ಇದರಲ್ಲಿ ಅವಳು ತೊಟ್ಟಿದ್ದಳಲ್ಲ, ಖಯ್ಯಾತ್,
ಅದು ಬೇಕು."

ಅವಳ ಹಿಂದಿಯೆಲ್ಲ ಸಿನಿಮಾದ್ದು.
ವಿರಹಕ್ಕೆ ಹನ್ನೆರಡು ಮಾತು ಬಲ್ಲಳು,
ಗುಂಡಿಗೆ, ಕಾಜಕ್ಕೆ ಒಂದೂ ಇಲ್ಲ.
ನನ್ನದೋ ಇಂಚು, ಗಜ, ಬಾಕಿ, ನಾಳೆ ಬನ್ನಿ.
ಇಬ್ಬರ ಮನೆಯದೂ ಅಲ್ಲದ ಆ ಮಾತಿನಲ್ಲಿ
ಘೇರು ಎಷ್ಟಿರಲಿ ಎಂದರೆ
"ಏಳು ಜನ್ಮಕ್ಕೆ ಸಾಲುವಷ್ಟು" ಅಂದಳು.
ಹದಿನಾಲ್ಕು ಗಜ ಎಂದು ಬರೆದುಕೊಂಡೆ.

ಬಣ್ಣ?
"ಕೆಂಪು. ದಾಳಿಂಬೆ ಒಡೆದ ಕೆಂಪು."
ಬೀಬಿ, ಅದು ಕಪ್ಪು ಬಿಳುಪಿನ ಚಿತ್ರ.
"ಇರಬಹುದು. ಲಂಗ ಕೆಂಪು."
ಇದಕ್ಕೆ ನಾನು ಎದುರಾಡಲಿಲ್ಲ. ಶಿರೂರಿನ ಟೆಂಟಿನಲ್ಲಿ,
ನೆಲದ ಟಿಕೀಟಿಗೆ, ಹೊಯ್ಗೆ ಗುಡ್ಡೆ ಮಾಡಿ ಅದರ ಮೇಲೆ ಕೂತು
ನಾನು ನೋಡಿದಾಗ ಅದು ಹಸಿರಿತ್ತು.

ಜಗಳ ಹತ್ತಿದ್ದು ಓಢಣಿಗೆ.
ಎಡ ಹೆಗಲು, ಅವಳು. ಬಲ, ನಾನು.
ಆ ಕುಣಿತ ನನಗೆ ಬಾಯಿಪಾಠ:
ಬಲ ಹೆಗಲಿಂದ ಓಢಣಿ ಜಾರುತ್ತದೆ, ಅವಳು ತಡೆಯುವುದಿಲ್ಲ,
ಎಡಗಾಲು ಮೂರು ಸಲ ನೆಲ ಮುಟ್ಟುತ್ತದೆ,
ತಬಲ ನಿಂತ ಮೇಲೂ ಹುಬ್ಬು ಒಂದು ಮಾತ್ರೆ ಕುಣಿದೇ ಕುಣಿಯುತ್ತದೆ.
"ಎಲ್ಲ ಸರಿ. ಹೆಗಲು ತಪ್ಪು. ಕಾಲೂ ತಪ್ಪು."
ಇಪ್ಪತ್ತೆಂಟು ವರ್ಷದ ಕಸುಬು ನನ್ನದು. ಹೆಗಲು ತಪ್ಪುವುದೆ?

ರೊಕೀಬ್ ಚಹಾ ತಂದ. ಊದಿ ಕುಡಿಯುತ್ತ ಹೇಳಿದಳು:
ಆಗ ಬಯಲು ಸಿನಿಮಾ. ನಾಲ್ಕು ಗೋಡೆ, ಮೇಲೆ ಚುಕ್ಕಿ.
ಒಳಗೆ ಗಂಡಸರು, ಹಡಗಿನವರು, ಎಣ್ಣೆ ಬಾವಿಯವರು.
ಅವಳ ಮನೆ ಇದ್ದದ್ದು ಪರದೆಯ ಬೆನ್ನಿಗೆ.
ಹಗ್ಗದಲ್ಲಿ ಬಿಗಿದ ಬರೀ ಬಿಳಿ ಬಟ್ಟೆ ಅದು,
ಬೆಳಕು ಈಚೆಗೂ ಸೋರುತ್ತಿತ್ತು.
ಸೆಕೆಗೆ ಮಾಳಿಗೆಯ ಮೇಲೆ ಮಲಗಿದ ಹೆಂಗಸರು, ಹುಡುಗಿಯರು
ಮಗ್ಗುಲು ಬದಲಿಸುವ ನೆವದಲ್ಲಿ ತಲೆ ಎತ್ತಿ
ಒಂದೊಂದೇ ಚಿತ್ರ, ಹತ್ತು ಬೇಸಿಗೆ,
ಎಲ್ಲವನ್ನೂ ಹಿಂದಿನಿಂದಲೇ ನೋಡಿದರು.
ಅಲ್ಲಿ ನಾಯಕರೆಲ್ಲ ಎಡಚರು.
ಶಮಾಲ್ ಬೀಸಿದ ರಾತ್ರಿ ಪರದೆ ಉಬ್ಬಿ
ನರ್ತಕಿ ತುಂಬು ಬಸುರಿ,
ಅಮ್ಮಂದಿರು ಬಾಯಿಗೆ ಬಟ್ಟೆ ತುರುಕಿ ನಕ್ಕರು.
"ಶುರುವಿಗೆ ಹೆಸರು ಬರುತ್ತದಲ್ಲ, ಅಕ್ಷರಗಳೆಲ್ಲ
ಬಲದಿಂದ ಎಡಕ್ಕೆ ನಡೆದವು, ನಮ್ಮ ಅರಬಿಯ ಹಾಗೇ.
ನಮ್ಮ ಕಡೆಯವರೇ ಇರಬೇಕು ಅಂದುಕೊಂಡೆವು."

ಲೋಟದ ತಳದಲ್ಲಿ ಸಕ್ಕರೆ.
ಚೀಟಿಯಲ್ಲಿ ಬರೆದೆ: ಎಡ.

ಮೊಮ್ಮಗಳಿಗೆ ಎಂದೇ ನಾನು ತಿಳಿದಿದ್ದೆ,
ಅಳತೆ ಕೊಡಲು ತೋಳೆತ್ತಿದವಳು ಅವಳೇ.
ಸೊಂಟ ನಲವತ್ತೆರಡು. ರೊಕೀಬ್ ಕೆಮ್ಮಿದ. ನಾನು ಅವನ ಕಾಲು ತುಳಿದೆ.

ಈದಿನ ಹಿಂದಿನ ರಾತ್ರಿ ತೊಟ್ಟು ನಿಂತಳು ಕನ್ನಡಿಯೆದುರು.
ಕನ್ನಡಿಯೊಳಗೆ ಓಢಣಿ ಬಲ ಹೆಗಲಿಗೆ,
ಕುದುರಿತು, ನನ್ನ ಟೆಂಟಿನವಳೇ, ಸ್ವಲ್ಪ ದಪ್ಪ.
ಹೇಳಬೇಕೆಂದು ಬಾಯಿ ತೆರೆದೆ.
ಅವಳು ಹುಬ್ಬು ಗಂಟಿಕ್ಕಿ ನೋಡಿದಳು, ಒಮ್ಮೆ, ಇನ್ನೊಮ್ಮೆ.
"ಅದಕ್ಕೆ ಏನಾದರೂ ಹೊದಿಸು" ಅಂದಳು.

ಕಾಲರ್ ಹಾಕದ ಯಾರದೋ ತೋಬು ತೆಗೆದು
ಕನ್ನಡಿಯ ಮೇಲೆ ಇಳಿಬಿಟ್ಟೆ.
ಬಿಳಿ ಬಟ್ಟೆ. ಅದಕ್ಕೆ ಬೆನ್ನು ಹಾಕಿ ನಿಂತು
ಬಲಗಾಲು ಮೂರು ಸಲ ಊರಿದಳು,
ಮೂರನೆಯದಕ್ಕೆ ಮಂಡಿ ಕೇಳಲಿಲ್ಲ, ಮೊಮ್ಮಗಳು ಹಿಡಿದಳು,
ಹುಬ್ಬು ಮಾತ್ರ ತನ್ನ ಪಾಡಿಗೆ ಒಂದು ಮಾತ್ರೆ ಹೆಚ್ಚು.

ಎಂಟು ದಿನಾರ್ ಅಂದಿದ್ದೆ. ಏಳು ಎಣಿಸಿ ಇಟ್ಟು
ಒಂದಕ್ಕೆ ಮುಂದಿನ ಜನ್ಮದ ಆಣೆ ಹಾಕಿದಳು,
ಕಣ್ಣಲ್ಲಿ ನೀರು ಸಹಿತ, ಥೇಟ್ ಸಿನಿಮಾದ ಹಾಗೆ.
ಬಾಕಿ ಪುಸ್ತಕದಲ್ಲಿ ಇನ್ನೂ ಇದೆ.